ತ್ಸಾವೋದ ಕೆಂಪಾನೆ, ಕಡಬದ ಕಾಡಾನೆ



ಇವತ್ತಿನ ಮಾತು ಆನೆಯದು. ಕೀನ್ಯಾ ದೇಶದ ಆನೆ, ನಮ್ಮ ಕಡಬ-ಸುಬ್ರಹ್ಮಣ್ಯ ಕಡೆಯ ಆನೆ, ಎರಡರದ್ದೂ. ನಡುನಡುವೆ ಸಿಂಹ ಬರುತ್ತದೆ, ನೀರಾನೆ ಬರುತ್ತದೆ, ಜೇನುಹುಳವೂ ಬರುತ್ತದೆ. ಮಾತು ಎಲ್ಲಿಗೆ ಹೋದರೂ ಆನೆಯ ಹತ್ತಿರಕ್ಕೇ ಮರಳಿ ಬರುತ್ತೇನೆ.

ನನ್ನ ಊರು ರಾಮಕುಂಜ. ಉಪ್ಪಿನಂಗಡಿಗೂ ಕಡಬಕ್ಕೂ ನಡುವೆ, ಕುಮಾರಧಾರೆಯ ಆಚೀಚೆಯ ಸೀಮೆ. ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮಿಗಳು ಹುಟ್ಟಿದ ಊರು ಎಂದರೆ ದೂರದವರಿಗೂ ಗುರುತು ಸಿಗುತ್ತದೆ. ನಾನು ಚಿಕ್ಕವಳಿದ್ದಾಗ ಆನೆ ಎಂದರೆ ಕುಕ್ಕೆ ದೇವಳದ ಆನೆ. ಬಾಳೆಹಣ್ಣು ಕೊಟ್ಟರೆ ಸೊಂಡಿಲು ತಲೆಯ ಮೇಲಿಡುವ ಆನೆ. ಕಾಡಾನೆ ಎಂಬುದು ಮೂಡಲ ಮಲೆಯವರ ಸುದ್ದಿ, ನಮ್ಮದಲ್ಲ.

ಮದುವೆಯಾದ ಮೇಲೆ ಇವರಿಗೆ, ನನ್ನ ಯಜಮಾನರಿಗೆ, ನೈರೋಬಿಯಲ್ಲಿ ಕೆಲಸವಾಯಿತು. ಹಾಗೆ ಕೀನ್ಯಾಕ್ಕೆ ಹೋದೆವು, ಕೆಲವು ವರ್ಷ ಅಲ್ಲಿಯೇ ಇದ್ದೆವು. ಇವರಿಗೆ ತಿರುಗಾಟದ ಹುಚ್ಚು. ನನಗೆ ಆ ಹುಚ್ಚು ಅಲ್ಲಿಗೆ ಹೋದ ಮೇಲೆ ಹಿಡಿಯಿತು. ರಜೆ ಬಂತೆಂದರೆ ಬುತ್ತಿ ಕಟ್ಟು, ನೀರಿನ ಕ್ಯಾನು ತುಂಬು, ಹೊರಡು. ಬುತ್ತಿಯಲ್ಲಿ ಹೆಚ್ಚಾಗಿ ಚಿತ್ರಾನ್ನ ಮತ್ತು ಉಪ್ಪಿನಕಾಯಿ. ಊರಿನ ಮಿಡಿ ಉಪ್ಪಿನಕಾಯಿ ಆಫ್ರಿಕದ ಬಿಸಿಲಿಗೂ ಕೆಡಲಿಲ್ಲ ಎಂಬುದನ್ನು ಹೇಳದೆ ಬಿಡಲಾರೆ.

ಮೊದಲು ನೈರೋಬಿಯ ಸಂಗತಿ. ಪೇಟೆಯ ಒತ್ತಿನಲ್ಲೇ ಒಂದು ರಾಷ್ಟ್ರೀಯ ಉದ್ಯಾನ ಇದೆ. 1946ರಲ್ಲಿ ಆದದ್ದು. ವಿಸ್ತೀರ್ಣ ಸುಮಾರು 120 ಚದರ ಕಿಲೋಮೀಟರ್. ನೀವು ಕಣ್ಣುಮುಚ್ಚಿ ಊಹಿಸಿಕೊಳ್ಳಿ. ಮೊಣಕಾಲೆತ್ತರದ ಒಣಹುಲ್ಲು. ಹುಲ್ಲಿನಲ್ಲಿ ಒಂದು ಸಿಂಹಿಣಿ ಮಲಗಿದೆ. ಅದರ ಬೆನ್ನಿನ ಆಚೆ, ಆಕಾಶದ ಅಂಚಿಗೆ, ಇಪ್ಪತ್ತು-ಮೂವತ್ತು ಮಾಳಿಗೆಯ ಕಟ್ಟಡಗಳು. ಮೇಲೆ ವಿಮಾನ ಇಳಿಯುವ ಸದ್ದು. ಸಿಂಹಿಣಿ ಕಿವಿಯನ್ನೂ ಅಲುಗಿಸುವುದಿಲ್ಲ.

ಈ ಉದ್ಯಾನಕ್ಕೆ ಮೂರು ಕಡೆ ಬೇಲಿ. ತೆಂಕಣ ದಿಕ್ಕು ಮಾತ್ರ ತೆರೆದಿದೆ. ಪ್ರಾಣಿಗಳು ಮಳೆಗಾಲ, ಬೇಸಗೆ ನೋಡಿಕೊಂಡು ಆ ಕಡೆಯ ಬಯಲಿಗೆ ಹೋಗಿ ಬರುತ್ತವೆ. ಖಡ್ಗಮೃಗ ಇದೆ, ಜಿರಾಫೆ ಇದೆ, ಕಾಡೆಮ್ಮೆ ಇದೆ. ಆನೆ ಮಾತ್ರ ಇಲ್ಲ. ಅಷ್ಟು ಸಣ್ಣ ಜಾಗ ಆನೆಗೆ ಸಾಲದು.

ಆದರೆ ಆನೆಮರಿಗಳು ಇವೆ. ಉದ್ಯಾನದ ಅಂಚಿನಲ್ಲಿ ಅನಾಥ ಆನೆಮರಿಗಳ ಒಂದು ಆಶ್ರಯ ನಡೆಯುತ್ತದೆ. ಅದರ ಹಿಂದಿರುವ ಗಂಡ-ಹೆಂಡಿರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕೀನ್ಯಾದ ಕಾಡಿನ ಚರಿತ್ರೆಯಲ್ಲಿ ದಂಪತಿಗಳದ್ದೇ ಕಾರುಬಾರು. ಎಲ್ಸಾ ಎಂಬ ಸಿಂಹಿಣಿಯನ್ನು ಸಾಕಿ ಕಾಡಿಗೆ ಬಿಟ್ಟವರು ಜಾರ್ಜ್ ಮತ್ತು ಜಾಯ್ ಆಡಮ್ಸನ್. ಆನೆಯ ಬದುಕನ್ನು ಹಿಂಡಿನ ಹಿಂದೆ ಬಿದ್ದು ಕಂಡವರು ಇಯಾನ್ ಮತ್ತು ಓರಿಯಾ ಡಗ್ಲಸ್-ಹ್ಯಾಮಿಲ್ಟನ್. ನಾನು ಹೇಳಹೊರಟವರು ಡೇವಿಡ್ ಮತ್ತು ಡ್ಯಾಫ್ನಿ ಶೆಲ್ಡ್ರಿಕ್. 1948ರಲ್ಲಿ ತ್ಸಾವೊ ರಾಷ್ಟ್ರೀಯ ಉದ್ಯಾನ ಆದಾಗ ಅದರ ಪೂರ್ವ ಭಾಗಕ್ಕೆ ಡೇವಿಡ್ ಮೊದಲ ವಾರ್ಡನ್. ಹೆಚ್ಚುಕಡಿಮೆ 30 ವರ್ಷ ಅಲ್ಲಿಯೇ ಇದ್ದರು. ದಂತಕ್ಕಾಗಿ ಆನೆ ಕೊಲ್ಲುವವರ ಕಾಟ. ತಾಯಿ ಸತ್ತರೆ ಮರಿ ಉಳಿಯುತ್ತಿರಲಿಲ್ಲ. ದನದ ಹಾಲು ಕೊಟ್ಟರೆ ಆನೆಮರಿಗೆ ಆಗಿಬರುವುದಿಲ್ಲ. ಭೇದಿಯಾಗಿ ಸಾಯುತ್ತದೆ. ಡ್ಯಾಫ್ನಿ ವರ್ಷಗಟ್ಟಲೆ ಪ್ರಯತ್ನಪಟ್ಟರು. ಕೊನೆಗೆ ಮಕ್ಕಳಿಗೆ ಕೊಡುವ ಡಬ್ಬಿ ಹಾಲಿನ ಪುಡಿಯಲ್ಲಿ ದಾರಿ ಸಿಕ್ಕಿತು. ಅದರಲ್ಲಿ ಹಾಲಿನ ಕೊಬ್ಬು ಇರಬಾರದು. ಬದಲಿಗೆ ಇರಬೇಕಾದದ್ದು ಏನು ಗೊತ್ತೇ? ತೆಂಗಿನೆಣ್ಣೆ.

ಇದನ್ನು ಕೇಳಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ತೆಂಗಿನೆಣ್ಣೆಯಲ್ಲೇ ಹುಟ್ಟಿ ಬೆಳೆದ ಸೀಮೆಯವರು ನಾವು. ಊರಿಗೆ ಫೋನು ಮಾಡಿ ಅತ್ತೆಗೆ ಹೇಳಿದೆ. ಅತ್ತೆಗೆ ಏನೂ ಆಶ್ಚರ್ಯವಾಗಲಿಲ್ಲ. "ಮತ್ತೆ? ತೆಂಗಿನೆಣ್ಣೆ ಯಾರಿಗೆ ಆಗಿಬರುವುದಿಲ್ಲ?" ಎಂದರು.

ಆ ಹಾಲು ಕುಡಿದು ಬದುಕಿದ ಮರಿಯ ಹೆಸರು ಆಯಿಷಾ. 1974ರ ಮಾತು. ಡ್ಯಾಫ್ನಿಯನ್ನು ಬಿಟ್ಟರೆ ಅದು ಬೇರೆ ಯಾರ ಹತ್ತಿರವೂ ನಿಲ್ಲದು. ಆರು ತಿಂಗಳ ಮರಿ. ಮಗಳ ಮದುವೆಗೆಂದು ಡ್ಯಾಫ್ನಿ ಕೆಲವು ದಿನ ನೈರೋಬಿಗೆ ಹೋಗಬೇಕಾಯಿತು. ಮರಿ ಹಾಲು ಬಿಟ್ಟಿತು. ತಾಯಿ ಎರಡನೆಯ ಸಲ ಹೋದಳೆಂದು ಅದಕ್ಕೆ ಅನಿಸಿರಬೇಕು. ಕೊರಗಿ ಸತ್ತಿತು. ಆ ಪಾಠದಿಂದ ನೈರೋಬಿಯ ಆಶ್ರಯದಲ್ಲಿ ಒಂದು ನಿಯಮ. ಒಂದು ಮರಿಗೆ ಒಬ್ಬನೇ ಪಾಲಕ ಬೇಡ. ಪಾಳಿಯಲ್ಲಿ ಜನ ಬದಲಾಗುತ್ತಾರೆ. ರಾತ್ರಿ ಮರಿಯ ಕೊಟ್ಟಿಗೆಯಲ್ಲೇ ಮಂಚ ಹಾಕಿಕೊಂಡು ಮಲಗುತ್ತಾರೆ. ಮೂರು ಗಂಟೆಗೊಮ್ಮೆ ಎದ್ದು ಹಾಲು ಕೊಡುತ್ತಾರೆ. ಎರಡು-ಮೂರು ವರ್ಷ ಆದ ಮೇಲೆ ಮರಿಯನ್ನು ತ್ಸಾವೋಕ್ಕೆ ಒಯ್ದು, ಮೆಲ್ಲಮೆಲ್ಲನೆ ಕಾಡಿನ ಹಿಂಡಿಗೆ ಸೇರಿಸುತ್ತಾರೆ. ಡೇವಿಡ್ 1977ರಲ್ಲಿ ತೀರಿಕೊಂಡರು, ಡ್ಯಾಫ್ನಿ 2018ರಲ್ಲಿ. ಕೆಲಸ ಈಗಲೂ ನಡೆಯುತ್ತಿದೆ.

ಇಲ್ಲಿಯವರೆಗೆ ಹೇಳಿದ್ದು ಪೇಟೆಯಂಚಿನ ಆನೆಮರಿಗಳ ವಿಚಾರ. ಬಾಟ್ಲಿ ಹಾಲಿನ ಆನೆ. ಮುಟ್ಟಬಹುದಾದ ಆನೆ. ಇನ್ನು ಕಾಡಿಗೆ ಹೋಗೋಣ.

ತಿರುಗಾಟದಲ್ಲಿ ನಾವು ಮೊದಲು ಕಲಿತ ಪಾಠ ಆನೆಯದ್ದಲ್ಲ, ನೀರಾನೆಯದ್ದು. ನೈವಾಷಾ ಎಂಬ ಸರೋವರ ಇದೆ. ಹಗಲಲ್ಲಿ ನೀರಾನೆ ನೀರಿನೊಳಗೆ ಬಂಡೆಯ ಹಾಗೆ ಬಿದ್ದಿರುತ್ತದೆ. ಕಿವಿ, ಕಣ್ಣು, ಮೂಗು ಮಾತ್ರ ಮೇಲೆ. ರಾತ್ರಿ ದಡಕ್ಕೆ ಹತ್ತಿ ಹುಲ್ಲು ಮೇಯುತ್ತದೆ. ನಾವು ಇಳಿದುಕೊಂಡಿದ್ದ ಮನೆಯ ಅಂಗಳಕ್ಕೇ ಬಂತು. ಹುಲ್ಲು ಕೀಳುವ ಸದ್ದು ಕಿಟಕಿಯ ಹೊರಗೆ ಚರಕ್ ಚರಕ್ ಎಂದು ಕೇಳುತ್ತಿತ್ತು. ಊಟದ ಕೋಣೆಯಿಂದ ಮಲಗುವ ಕೋಣೆಗೆ ಹತ್ತು ಮಾರು ದೂರ. ಕಾವಲಿನವನು ಟಾರ್ಚು ಹಿಡಿದು ಜೊತೆಗೆ ಬರದೆ ಹೆಜ್ಜೆ ಇಡುವ ಹಾಗಿಲ್ಲ. ಅವನು ಹೇಳಿದ್ದು ಇಷ್ಟೇ: ಅದಕ್ಕೂ ನೀರಿಗೂ ನಡುವೆ ನಿಲ್ಲಬೇಡಿ. ಹುಲ್ಲು ತಿನ್ನುವ ಪ್ರಾಣಿ ಎಂದು ಸಸಾರ ಮಾಡಿದವರು ಬದುಕಿಲ್ಲ.

ಅದೇ ಸರೋವರದ ಹತ್ತಿರ ಹೆಲ್ಸ್ ಗೇಟ್ ಎಂಬ ಇನ್ನೊಂದು ಉದ್ಯಾನ. ಅಲ್ಲಿ ಸೈಕಲ್ ಹೊಡೆಯಬಹುದು. ಬಾಡಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರೆ ಎಡಬಲಕ್ಕೆ ಹೇಸರಗತ್ತೆಯಂಥ ಪಟ್ಟೆಪಟ್ಟೆಯ ಜೀಬ್ರಾಗಳು. ಇವರು ಬೆಲ್ಲು ಹೊಡೆದರು, ದನಗಳಿಗೆ ಹೊಡೆಯುವ ಹಾಗೆ. ಜೀಬ್ರಾಗಳು ದಾರಿ ಬಿಡಲಿಲ್ಲ. ನಾವೇ ಇಳಿದು ಸೈಕಲ್ ನೂಕಿಕೊಂಡು ಸುತ್ತು ಹಾಕಿದೆವು.

ಇರಲಿ. ಆನೆಗೆ ಬರೋಣ. ಆನೆ ಎಂದರೆ ತ್ಸಾವೊ.

ನೈರೋಬಿಯಿಂದ ಮೊಂಬಾಸಾ ಬಂದರಿಗೆ ಹೋಗುವ ದಾರಿಯಲ್ಲಿ, ಮುನ್ನೂರು ಕಿಲೋಮೀಟರಿಗೂ ಮೇಲೆ ಹೋದರೆ ವೋಯ್ ಎಂಬ ಪೇಟೆ. ಅದರ ಸುತ್ತಮುತ್ತ ತ್ಸಾವೊ. ಪೂರ್ವ, ಪಶ್ಚಿಮ ಎರಡೂ ಭಾಗ ಸೇರಿದರೆ ನಮ್ಮ ಇಡೀ ದಕ್ಷಿಣ ಕನ್ನಡ ಜಿಲ್ಲೆಯ ನಾಲ್ಕು ಪಟ್ಟಿಗಿಂತಲೂ ಹೆಚ್ಚು. ಆ ಸೀಮೆಯಲ್ಲಿ ಸುಮಾರು 15 ಸಾವಿರ ಆನೆಗಳು.

ತ್ಸಾವೊ ಎಂದರೆ ಕೆಲವರಿಗೆ ಸಿಂಹ ನೆನಪಾದೀತು. 1896ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ರೈಲು ಹಾಕಲು ಹೊರಟರು. ನಮ್ಮ ದೇಶದಿಂದ ಸುಮಾರು 32 ಸಾವಿರ ಕೂಲಿಗಳನ್ನು ಒಯ್ದರು. ಹೆಚ್ಚಿನವರು ಪಂಜಾಬಿನವರು. 1898ರಲ್ಲಿ ತ್ಸಾವೊ ಹೊಳೆಗೆ ಸೇತುವೆ ಕಟ್ಟುವಾಗ ಎರಡು ಗಂಡು ಸಿಂಹಗಳು ಡೇರೆಗೆ ನುಗ್ಗಿ ಕೂಲಿಗಳನ್ನು ಎಳೆದೊಯ್ದವು. ತಿಂಗಳುಗಟ್ಟಲೆ. ಅವುಗಳಿಗೆ ಕೇಸರವೂ ಇರಲಿಲ್ಲ. ಅವನ್ನು ಕೊಂದ ಪ್ಯಾಟರ್ಸನ್ ಎಂಬ ಎಂಜಿನಿಯರ್ ಹೆಸರು ಪುಸ್ತಕಗಳಲ್ಲಿದೆ. ಸತ್ತ ಕೂಲಿಗಳಲ್ಲಿ ಎಷ್ಟು ಜನರ ಹೆಸರು ಯಾರಿಗೆ ನೆನಪಿದೆ? ಈಗ ಅಲ್ಲಿಯೇ ಹೊಸ ರೈಲು ಓಡುತ್ತದೆ. 2017ರಲ್ಲಿ ಆದದ್ದು. ಹಳಿಯನ್ನು ಎತ್ತರಕ್ಕೆ ಹಾಕಿ, ಅಡಿಯಲ್ಲಿ ಆನೆ ದಾಟಲು ದಾರಿ ಬಿಟ್ಟಿದ್ದಾರೆ. ಕಿಟಕಿಯಲ್ಲಿ ಕುಳಿತು ಶೇಂಗಾ ಮೆಲ್ಲುತ್ತಾ ಆನೆಹಿಂಡು ನೋಡಬಹುದು.

ತ್ಸಾವೋದ ಆನೆ ಕಪ್ಪಲ್ಲ, ಬೂದು ಬಣ್ಣವೂ ಅಲ್ಲ. ಕೆಂಪು. ಅಲ್ಲಿಯ ಮಣ್ಣು ನಮ್ಮ ಮುರಕಲ್ಲಿನ ಮಣ್ಣಿನ ಬಣ್ಣ. ಆನೆ ಕೆಸರಿನಲ್ಲಿ ಹೊರಳುತ್ತದೆ, ಮೇಲಿಂದ ಧೂಳು ಎರಚಿಕೊಳ್ಳುತ್ತದೆ.

ಒಂದು ಬೆಳಗ್ಗೆ ನಾವು ವೋಯ್ ಹೊಳೆಯ ಹತ್ತಿರ ಇದ್ದೆವು. ಮಣ್ಣಿನ ಮಾರ್ಗ. ಅಲ್ಲಿ ಗೊತ್ತುಮಾಡಿದ ಜಾಗದಲ್ಲಲ್ಲದೆ ವಾಹನದಿಂದ ಇಳಿಯುವ ಹಾಗಿಲ್ಲ. ನಮ್ಮ ಡ್ರೈವರ್ ಅದೇ ಸೀಮೆಯವನು, ವಯಸ್ಸಾದವನು. ತಿರುವಿನಲ್ಲಿ ಥಟ್ಟನೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ. ಮುಂದೆ ಹಿಂಡು ದಾರಿ ದಾಟುತ್ತಿತ್ತು. ಮುಂದಾಳು ಒಂದು ಮುದಿ ಹೆಣ್ಣಾನೆ. ಆನೆಗಳಲ್ಲಿ ಯಜಮಾನಿಕೆ ಅಜ್ಜಿಯದು. ನಡುವೆ ಮರಿಗಳು. ನಮ್ಮ ಕಿಟಕಿಯಿಂದ ನಾಲ್ಕು ಮಾರು ದೂರದಲ್ಲಿ ಒಂದು ಎಳೆಯ ಆನೆ ಹುಲ್ಲು ಕೀಳುತ್ತಿತ್ತು. ಸೊಂಡಿಲಿಗೆ ಒಂದು ಹಿಡಿ ಹುಲ್ಲು ಸುತ್ತುತ್ತದೆ, ಬುಡಕ್ಕೆ ಉಗುರಿನಿಂದ ಒದೆಯುತ್ತದೆ, ಕೀಳುತ್ತದೆ. ಆಮೇಲೆ ಅದನ್ನು ತನ್ನದೇ ಮುಂಗಾಲಿಗೆ ಎರಡು ಬಾರಿ ಬಡಿದು ಮಣ್ಣು ಉದುರಿಸಿ ಬಾಯಿಗಿಡುತ್ತದೆ. ಪಟ್, ಪಟ್. ಆ ಸದ್ದಿನ ಜೊತೆ ಇನ್ನೊಂದು, ಎದೆಗೆ ತಾಗುವಂಥ ಗುಡುಗುಡು. ಹೊಟ್ಟೆಯ ಸದ್ದೆಂದುಕೊಂಡೆ. ಅದು ಒಂದಕ್ಕೊಂದು ಮಾತಾಡುವ ಸದ್ದು ಎಂದ ಡ್ರೈವರ್. ನಮ್ಮ ಕಿವಿಗೆ ಬೀಳುವುದು ಅದರಲ್ಲಿ ಸ್ವಲ್ಪವೇ. ಉಳಿದದ್ದು ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿನ ದನಿ. ಮೈಲಿಗಟ್ಟಲೆ ಹೋಗುತ್ತದೆ.

ಆಗ ಅಜ್ಜಿಯಾನೆ ತಿರುಗಿತು. ಕಿವಿ ಅಗಲಿಸಿತು. ಆಫ್ರಿಕದ ಆನೆಯ ಕಿವಿ ಎಂದರೆ ನಮ್ಮ ಆನೆಯ ಕಿವಿಯ ಮೂರು ಪಾಲು. ಎರಡೂ ಕಿವಿ ಬಿಚ್ಚಿದರೆ ದಾರಿಯೇ ಮುಚ್ಚಿತು. ತಲೆ ಕೊಡವಿತು. ಧೂಳು ಹಾರಿತು. ನಾಲ್ಕು ಹೆಜ್ಜೆ ಓಡಿಬಂದು ನಿಂತಿತು. ಇವರು ನನ್ನ ಕೈ ಹಿಡಿದದ್ದು ಧೈರ್ಯ ಕೊಡಲೋ ಧೈರ್ಯ ಬೇಡಲೋ ತಿಳಿಯಲಿಲ್ಲ. ಡ್ರೈವರ್ ಮಾತ್ರ ಅಲ್ಲಾಡಲಿಲ್ಲ. "ಪೋಲೆ ಪೋಲೆ" ಎಂದ. ಸಾವಕಾಶ ಎಂದರ್ಥ. ಕೊನೆಗೆ ಆನೆಯೇ ತಿರುಗಿ ಹೋಯಿತು. ಆಮೇಲೆ ಹೇಳಿದ: ಕಿವಿ ಬಿಚ್ಚಿ ಬಂದರೆ ಅದು ಬರಿಯ ಬೆದರಿಕೆ. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಒಳಕ್ಕೆ ಮಡಚಿ, ಸದ್ದಿಲ್ಲದೆ ಬಂದರೆ ಅದು ನಿಜ. ಸಾಧಾರಣಕ್ಕೆ ಹಾಗೆ. ಆನೆ ಕಾಯಿದೆ ಓದಿರುವುದಿಲ್ಲ ಎಂದೂ ಸೇರಿಸಿದ.

ಕೇಳುಗರೇ, ಇಷ್ಟನ್ನೂ ನಾವು ನೋಡಿದ್ದು ಜೀಪಿನ ಒಳಗಿಂದ. ಗಾಜು ಇದೆ, ಎಂಜಿನ್ ಇದೆ, ಬಲ್ಲ ಡ್ರೈವರ್ ಇದ್ದಾನೆ. ಸಂಜೆ ಆರು ಗಂಟೆಯ ಒಳಗೆ ಗೇಟಿನ ಹೊರಗೆ ಬಿಸಿಬಿಸಿ ಚಹಾ ಇದೆ. ಇದು ಸಾಹಸವೇ ಅಲ್ಲ ಎಂದು ನನಗೆ ಮನದಟ್ಟಾದದ್ದು ಮಾರನೆಯ ದಿನ, ಸಗಲ್ಲ ಎಂಬಲ್ಲಿ.

ಸಗಲ್ಲ ಇರುವುದು ತ್ಸಾವೋದ ಬೇಲಿಯಾಚೆ, ಗುಡ್ಡದ ಬುಡದಲ್ಲಿ. ಮೆಕ್ಕೆಜೋಳ, ಹೆಸರು ಬೆಳೆಯುವ ಬಡ ರೈತರು. ವರ್ಷಕ್ಕೆ ಅರ್ಧ ಮೀಟರು ಮಳೆಯೂ ಖಾತ್ರಿಯಿಲ್ಲ. ಬಿದ್ದ ಅಷ್ಟಿಷ್ಟು ಮಳೆಗೆ ಜೋಳ ತೆನೆ ಕಟ್ಟಿದರೆ ರಾತ್ರಿ ಆನೆ ಬರುತ್ತದೆ. ಒಂದು ರಾತ್ರಿ ಸಾಕು, ವರ್ಷದ ಊಟ ಮುಗಿಯಿತು. ತಗಡು ಬಡಿಯುವುದು, ಬೆಂಕಿ ಹಾಕುವುದು, ಎಲ್ಲ ನಮ್ಮಲ್ಲಿಯ ಹಾಗೆಯೇ. ಆನೆಗೆ ಬೇಗ ರೂಢಿಯಾಗುತ್ತದೆ, ಅದೂ ನಮ್ಮಲ್ಲಿಯ ಹಾಗೆಯೇ.

ಅಲ್ಲಿ ಕಂಡದ್ದು ಜೇನಿನ ಬೇಲಿ. ಮುಂಚೆ ಹೇಳಿದ ಇಯಾನ್ ಡಗ್ಲಸ್-ಹ್ಯಾಮಿಲ್ಟನ್ ಮತ್ತು ಫ್ರಿಟ್ಜ್ ವೊಲ್ರಾತ್ ಎಂಬ ವಿಜ್ಞಾನಿ 2002ರಲ್ಲಿ ಒಂದು ಸಂಗತಿ ಬರೆದರು. ಜೇನುಗೂಡು ಇರುವ ಜಾಲಿಮರವನ್ನು ಆನೆ ಮುರಿಯುವುದಿಲ್ಲ. ಲೂಸಿ ಕಿಂಗ್ ಎಂಬ ಸಂಶೋಧಕಿ ಜೇನಿನ ಝೇಂಕಾರವನ್ನು ಮುದ್ರಿಸಿ ಆನೆಗಳಿಗೆ ಕೇಳಿಸಿದರು. ಹಿಂಡಿಗೆ ಹಿಂಡೇ ಓಡಿತು. ಚರ್ಮ ದಪ್ಪ ನಿಜ. ಆದರೆ ಕಣ್ಣಿನ ಸುತ್ತ, ಕಿವಿಯ ಹಿಂದೆ, ಸೊಂಡಿಲಿನ ಒಳಗೆ ಜೇನು ಕಚ್ಚಿದರೆ ಆನೆಯೂ ಆನೆಯಲ್ಲ.

ಬೇಲಿ ಹೇಗಿದೆ ಎಂದು ಹೇಳುತ್ತೇನೆ. ಹೊಲದ ಸುತ್ತ ಕಂಬ. ಹತ್ತು ಮೀಟರಿಗೊಂದು ಜೇನುಪೆಟ್ಟಿಗೆ, ಕಂಬಗಳ ನಡುವೆ ತೂಗುಹಾಕಿದ್ದು. ಅದಕ್ಕೆ ಬಿಸಿಲು ತಾಗದಂತೆ ಸಣ್ಣ ಮಾಡು. ಒಂದು ಪೆಟ್ಟಿಗೆ ನಿಜವಾದದ್ದು, ಒಂದು ಬರಿಯ ಹಲಗೆ, ನೋಡಲು ಪೆಟ್ಟಿಗೆಯಂತೆ. ಎಲ್ಲವನ್ನೂ ಒಂದೇ ತಂತಿ ಪೋಣಿಸಿದೆ. ಆನೆ ತಂತಿಗೆ ಎದೆಕೊಟ್ಟರೆ ಸಾಲಿಗೆ ಸಾಲು ಪೆಟ್ಟಿಗೆ ತೂಗಾಡುತ್ತದೆ, ಹುಳ ಏಳುತ್ತದೆ. ಹತ್ತಿರ ಬಂದ ಆನೆಗಳಲ್ಲಿ ನಾಲ್ಕರಲ್ಲಿ ಮೂರು ಹಿಂದೆ ಹೋಗುತ್ತವೆ ಎಂಬುದು ವರ್ಷಗಟ್ಟಲೆ ಬರೆದಿಟ್ಟ ಲೆಕ್ಕ. ಬರಗಾಲ ಬಿದ್ದರೆ ಹೂವಿಲ್ಲದೆ ಹುಳ ಗೂಡು ಬಿಟ್ಟುಹೋಗುತ್ತದೆ, ಬೇಲಿ ಖಾಲಿಯಾಗುತ್ತದೆ ಎಂಬುದೂ ಅದೇ ಲೆಕ್ಕದಲ್ಲಿದೆ. ಆ ಬೇಲಿಯ ಒಡತಿ ನನ್ನ ವಯಸ್ಸಿನವಳು. ಜೇನು ಮಾರಿ ಮಕ್ಕಳ ಶಾಲೆಯ ಫೀಸು ಕಟ್ಟುತ್ತೇನೆ ಎಂದಳು. ಆನೆ ನೋಡಲು ಇಷ್ಟು ದೂರದಿಂದ ಬಂದಿರಾ ಎಂದು ನಮ್ಮನ್ನು ಕೇಳಿ ನಕ್ಕಳು.

ಇನ್ನು ಕೊನೆಯ ಭಾಗ. ಪೇಟೆಯ ಆನೆಮರಿ ಆಯಿತು, ತ್ಸಾವೋದ ಹಿಂಡು ಆಯಿತು, ಸಗಲ್ಲದ ಬೇಲಿ ಆಯಿತು. ಈಗ ಊರು.

ಒಂದೆರಡು ಅಂಕಿ ಹೇಳುತ್ತೇನೆ. ಕೀನ್ಯಾ ನಮ್ಮ ಕರ್ನಾಟಕದ ಮೂರು ಪಟ್ಟು ದೊಡ್ಡದು. ಜನ ಅಲ್ಲಿ ಐದು ಕೋಟಿಯ ಮೇಲೆ, ನಮ್ಮಲ್ಲಿ ಆರು ಕೋಟಿಯ ಮೇಲೆ. ಆನೆ ಅಲ್ಲಿ 2021ರ ಗಣತಿಯ ಪ್ರಕಾರ ಸುಮಾರು 36 ಸಾವಿರ, ನಮ್ಮ ರಾಜ್ಯದಲ್ಲಿ 2023ರ ಗಣತಿಯ ಪ್ರಕಾರ ಸುಮಾರು 6,400. ಭಾರತದಲ್ಲಿ ನಮ್ಮದೇ ಹೆಚ್ಚು. ಅಂದರೆ ಮೂರನೇ ಒಂದು ಪಾಲು ಜಾಗದಲ್ಲಿ ಹೆಚ್ಚು ಜನ, ಜೊತೆಗೆ ಇಷ್ಟು ಆನೆ. ಅಲ್ಲಿಯ ಹಾಗೆ ನೀನು ಆ ಕಡೆ, ನಾನು ಈ ಕಡೆ ಎನ್ನುವಷ್ಟು ಜಾಗ ನಮ್ಮಲ್ಲಿ ಇಲ್ಲ. ಪುಷ್ಪಗಿರಿ, ಬಿಸಿಲೆಯ ಕಾಡಿನ ಸೆರಗು ಎಲ್ಲಿ ಮುಗಿಯಿತು, ಅಡಿಕೆ ತೋಟ ಎಲ್ಲಿ ಸುರುವಾಯಿತು ಎಂದು ಮನುಷ್ಯರಿಗೇ ಗೊತ್ತಾಗುವುದಿಲ್ಲ.

2023ರ ಫೆಬ್ರವರಿ ನಿಮಗೆ ನೆನಪಿರಬಹುದು. ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಬೆಳಗ್ಗೆ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟ ಯುವತಿಯನ್ನು ಆನೆ ಕೊಂದಿತು. ಕೂಗು ಕೇಳಿ ಓಡಿಬಂದ ನೆರೆಯ ಒಬ್ಬರೂ ಪ್ರಾಣ ಕಳೆದುಕೊಂಡರು. ಆಮೇಲೆ ಸಾಕಾನೆಗಳನ್ನು ತಂದು ಒಂದು ಸಲಗವನ್ನು ಹಿಡಿದರು. ನಾವು ದುಡ್ಡು ಕೊಟ್ಟು, ಜೀಪಿನಲ್ಲಿ ಕುಳಿತು ಆನೆಯ ಹತ್ತಿರ ಹೋದವರು. ಮುಂಜಾನೆ ತಲೆಗೆ ಲೈಟು ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಹಾಲಿನ ಕ್ಯಾನು ಹಿಡಿದು ನಡೆಯುವವರು, ಇವರಿಗೆ ಆನೆ ಬೇಕು ಬೇಡ ಎನ್ನುವ ಆಯ್ಕೆ ಇಲ್ಲ. ಕಾಡಿನ ಅನುಭವ ಎಂದು ಮಾತಾಡುವ ಹಕ್ಕು ಅವರಿಗೆ ನಮಗಿಂತ ಹೆಚ್ಚು. ಅವರನ್ನು ಈ ಮೈಕಿನ ಮುಂದೆ ಕೂರಿಸಿದರೆ ಇನ್ನೂ ಚೆನ್ನಾಗಿತ್ತು.

ಜೇನಿನ ಬೇಲಿ ನಮ್ಮಲ್ಲಿ ಆದೀತೇ? ಊರಿಗೆ ಬಂದಾಗಲೆಲ್ಲ ಇದನ್ನು ಕೇಳುತ್ತಿದ್ದೆ. ಜೇನು ನಮಗೆ ಹೊಸತಲ್ಲ. ಪುತ್ತೂರಿನಲ್ಲಿ ಜೇನು ವ್ಯವಸಾಯಗಾರರ ಸಹಕಾರಿ ಸಂಘವೇ ಇದೆ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಪೆಟ್ಟಿಗೆಗೆ ಪೆಟ್ಟಿಗೆ ಖಾಲಿಯಾದರೂ ನಮ್ಮವರು ಬಿಡದೆ ಮತ್ತೆ ಕಟ್ಟಿದರು. ನಾಗರಹೊಳೆಯ ಅಂಚಿನಲ್ಲಿ, ಕೊಡಗಿನಲ್ಲಿ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರಲ್ಲಿ ಆನೆದಾರಿಗೆ ಜೇನುಪೆಟ್ಟಿಗೆ ಇಟ್ಟು ನೋಡಿತು. ಶ್ರೀಲಂಕಾದ ಆನೆಗಳಿಗೂ ಲೂಸಿ ಕಿಂಗ್ ಝೇಂಕಾರ ಕೇಳಿಸಿದ್ದಾರೆ. ಅವೂ ಹಿಂದೆ ಸರಿದವು, ಆದರೆ ಆಫ್ರಿಕದ ಆನೆಯಷ್ಟು ಗಾಬರಿಯಾಗಲಿಲ್ಲ.

ನಮ್ಮ ನೆರೆಯಲ್ಲಿ ಜೇನು ಸಾಕುವ ಹಿರಿಯರೊಬ್ಬರಿದ್ದಾರೆ. ಎಲ್ಲ ಕೇಳಿ ಅವರು ಹೇಳಿದರು: "ಅಲ್ಲಿಯ ಹುಳ ಜೋರಿನದ್ದು ಅಕ್ಕಾ. ನಮ್ಮ ತುಡುವೆ ಪಾಪದ್ದು. ಇರುವೆ ಮುತ್ತಿದರೇ ಪೆಟ್ಟಿಗೆ ಬಿಟ್ಟು ಹೋಗುತ್ತದೆ, ಇನ್ನು ಆನೆಯನ್ನು ಓಡಿಸುತ್ತದೆಯೇ? ಹೆಜ್ಜೇನಾದರೆ ಓಡಿಸೀತು, ಆದರೆ ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಕೂರಿಸುವವರು ಯಾರು?" ಇನ್ನೊಂದು ಮಾತೂ ಅವರದೇ. ಹುಳ ತುಂಬಿ ಬಲವಾಗಿರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಮಳೆ ಹಿಡಿದರೆ ಪೆಟ್ಟಿಗೆ ಬಡವಾಗುತ್ತದೆ, ಸಕ್ಕರೆ ನೀರು ಕೊಟ್ಟು ಉಳಿಸಬೇಕು. ಆನೆ ಹಲಸಿನ ಹಣ್ಣಿನ ವಾಸನೆ ಹಿಡಿದು ಬರುವುದು ಸರಿಯಾಗಿ ಅದೇ ಹೊತ್ತಿಗೆ, ಮೇ ಕೊನೆಗೆ, ಜೂನಿನಲ್ಲಿ.

ಹಾಗಾಗಿ ಬೇಸಗೆಯಲ್ಲಿ ಬಾಳೆ, ಅಡಿಕೆಗೆ ಕಾವಲಾಗಿ ಒಂದು ಸಾಲು ಪೆಟ್ಟಿಗೆ ಕಟ್ಟಿ ನೋಡಬಹುದು. ಆನೆ ಹೋಗದಿದ್ದರೂ ಅಡಿಕೆ ಹೂವಿಗೆ ಹುಳ ಬಂತು, ಜೇನು ಸಿಕ್ಕಿತು, ನಷ್ಟವಿಲ್ಲ. ಮಳೆಗಾಲಕ್ಕೆ ಬೇರೆ ಉಪಾಯ. ಕೊಡಗಿನ ತೋಟಗಳಲ್ಲಿ ಹಲಸನ್ನು ಹಣ್ಣಾಗುವ ಮೊದಲೇ ಇಳಿಸುತ್ತಾರೆ. ಇದನ್ನು ಅತ್ತೆಗೆ ಹೇಳಿದೆ. ಹಲಸಿನ ಹಣ್ಣಿನ ಕೊಟ್ಟಿಗೆ ತಿನ್ನದ ಮಳೆಗಾಲ ಎಂಥದು ಎಂದು ಅವರು ಮೊದಲು ಮುಖ ಸಿಂಡರಿಸಿದರು. ಆಮೇಲೆ ಅವರೇ ಲೆಕ್ಕ ಹಾಕಿದರು: ಹಪ್ಪಳಕ್ಕೆ ಬೇಕಾದದ್ದು ಹೇಗೂ ಬಲಿತ ಕಾಯಿ. ಕಾಡಿನ ಬದಿಯ ಮರದ್ದನ್ನೆಲ್ಲ ಏಪ್ರಿಲಿನಲ್ಲೇ ಇಳಿಸಿ ಹಪ್ಪಳ ಮಾಡುವುದು, ಮನೆಯ ಹತ್ತಿರದ ಎರಡು ಮರವನ್ನು ಮಾತ್ರ ಹಣ್ಣಿಗೆ ಬಿಡುವುದು. ಈ ಸಲ ಬಿಸಿಲು ಗಟ್ಟಿಯಾದ ಕೂಡಲೇ ಸುರುಮಾಡುತ್ತೇವೆ. ಹಪ್ಪಳ ಒತ್ತಲು ಜನ ಸಾಲದು. ಇವರನ್ನೂ ಕೂರಿಸುವುದೆಂದು ತೀರ್ಮಾನವಾಗಿದೆ.